ನನ್ನೊಬ್ಬನಿಗೇ ಬಿದ್ದ ಮಂಜು

ಹೋದ ತಿಂಗಳು ಕೊಪ್ಪದಲ್ಲಿ ಮಂಜು ಜಾಸ್ತಿ ಇತ್ತು. ಹಾಗಂತ ನಾನು ತಿಳಿದಿದ್ದೆ.

ಬೆಳಿಗ್ಗೆ ವಾಕಿಂಗ್ ಹೊರಟರೆ ಬೀದಿದೀಪಗಳ ಸುತ್ತ ಬಣ್ಣಬಣ್ಣದ ಬಳೆಗಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಶೃಂಗೇರಿ ಬಸ್ಸು ಹಾಲಿನಲ್ಲಿ ಅದ್ದಿಟ್ಟ ಹಾಗೆ. ಎದುರಿಗೆ ಬಂದವರು ತೀರಾ ಹತ್ತಿರವಾದ ಮೇಲೆಯೇ ಮನುಷ್ಯರಾಗುತ್ತಿದ್ದರು. ನನಗೋ ಖುಷಿ. (ಅಂಕಣ ಬರೆಯುವವನಿಗೆ ಮಂಜು ಸಿಕ್ಕರೆ ಅರ್ಧ ಪುಟ ತುಂಬಿದ ಹಾಗೆಯೇ.) ಹೀಗೇ ಕನಸಿನೊಳಗೆ ನಡೆದಾಡಿಕೊಂಡು ಇರೋಣ ಅನ್ನಿಸುತ್ತಿತ್ತು.

ಒಂದು ದಿನ ಅಂಗಳದಲ್ಲಿ ಕಾಫಿ ಕುಡಿಯುತ್ತಾ ಹೆಂಡತಿಗೆ ಹೇಳಿದೆ, "ಈ ವರ್ಷ ಎಂತ ಮಂಜು ಮಾರಾಯ್ತಿ, ಗೇಟೇ ಕಾಣ್ತಿಲ್ಲ."

ಅವಳು ಚಾಪೆಯ ಮೇಲೆ ಸಂಡಿಗೆ ಹರಡುತ್ತಿದ್ದಳು. "ಎಲ್ಲಿದೆ ಮಂಜು? ನಾನು ಬಿಸಿಲಿಗೆ ಸಂಡಿಗೆ ಒಣಗಿಸ್ತಾ ಇದ್ದೀನಿ ಮಾರಾಯ್ರೆ."

ಒಂದು ಕ್ಷಣ ನನ್ನನ್ನೇ ನೋಡಿ ಕೇಳಿದಳು, "ಕಣ್ಣು ತೋರಿಸಿ ಎಷ್ಟು ಸಮಯ ಆಯ್ತು?"

ನನಗಿರುವುದು ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ. ಕೆಲವು ವರ್ಷಗಳ ಹಿಂದೆ ಲೇಸರ್ ಮಾಡಿಸಿದ್ದೆ, ಒತ್ತಡ ಇಳಿದಿತ್ತು. ಲೇಸರ್ ಅಂದರೆ ಒಂದು ಸಲ ಬೆಳಕು ಬಿಟ್ಟರೆ ಮುಗಿಯಿತು ಅಂದುಕೊಂಡವನು ನಾನು. ಚೆಕಪ್ ಬಿಟ್ಟೆ. ಡ್ರಾಪ್ಸೂ ಬಿಟ್ಟೆ. ಪ್ರತಿ ಮಳೆಗಾಲದ ನಂತರ, ಮತ್ತೆ ಮತ್ತೆ ಬರುವ ಅಂಗಳದ ಪಾಚಿ ಉಜ್ಜುವವನಿಗೆ ಇಷ್ಟೂ ಹೊಳೆಯಬಾರದೇ?

ಮರುದಿನವೇ ಶಿವಮೊಗ್ಗಕ್ಕೆ ಕರೆದೊಯ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ ನಿಧಾನವಾಗಿ ಹೇಳಿದರು, "ಪ್ರೆಶರ್ ಮತ್ತೆ ಏರಿದೆ. ಇನ್ನೊಂದು ಸಲ ಲೇಸರ್ ಮಾಡೋಣ. ಪಕ್ಕದ ನೋಟ ಸ್ವಲ್ಪ ಹೋಗಿದೆ, ಅದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ."

ನನಗೆ ನಿಜವಾಗಿ ಹೆದರಿಕೆಯಾಯಿತು. ಕಣ್ಣು ಹೋಗುತ್ತಿದ್ದುದನ್ನು ನಾನು ಆಸೆಯಿಂದ ನಿಂತು ನೋಡಿದ್ದೆನಲ್ಲ!

ಲೇಸರ್ ಕೆಲವೇ ನಿಮಿಷಗಳ ಕೆಲಸ. ಗಲ್ಲ ಊರಿ ಕೂತೆ, ಒಂದಷ್ಟು ಮಿಂಚು ಹೊಳೆದವು, ಮುಗಿಯಿತು. ಒಂದು ವಾರದಲ್ಲಿ ದೀಪಗಳ ಬಳೆ ಕಳಚಿ ಬಿದ್ದವು. ಗೇಟು ಗೇಟಿನ ಜಾಗದಲ್ಲೇ ಇತ್ತು. (ಬಣ್ಣ ಹಚ್ಚಿಸಬೇಕು ಅನ್ನುವುದೂ ಕಂಡಿತು.)

ಮೊನ್ನೆ ಮತ್ತೆ ಚೆಕಪ್‌ಗೆ ಹೊರಟೆವು. ಬೆಳಗಿನ ಮೊದಲ ಬಸ್ಸು. ನರಸಿಂಹರಾಜಪುರ ದಾಟಿ ಮುತ್ತಿನಕೊಪ್ಪದ ಹತ್ತಿರ ಬಂದಾಗ ಗದ್ದೆಗಳೆಲ್ಲ ಬೆಳ್ಳಗೆ ಮಾಯವಾಗಿದ್ದವು. ಹೆಂಡತಿಯ ಕೈ ಹಿಡಿದು ಮೆಲ್ಲಗೆ ಕೇಳಿದೆ, "ನಿಂಗೂ ಕಾಣ್ತಿದೆಯಾ?"

"ಹೂಂ. ಇದು ಮಂಜೇ."

ಆಮೇಲೆ ಕಿಟಕಿಗೆ ತಲೆಯಾನಿಸಿ ಮನಸಾರೆ ನೋಡಿದೆ.

ನಿಮ್ಮ ಕಣ್ಣಿಗೆ ಕಾಣುವ ಮಂಜು ಪಕ್ಕದಲ್ಲಿ ಕೂತವರಿಗೂ ಕಾಣುತ್ತಿದೆಯೇ, ಒಮ್ಮೆಯಾದರೂ ಕೇಳಿದ್ದೀರಾ?