ಚಕ್ರದಲ್ಲಿ ಮೀನಿನ ಹುರುಪೆ

ಕಡಬದ ವತ್ಸಮ್ಮನ ಬಾಯಿ ಜೋರು. ಗಂಡ ತೀರಿಕೊಂಡ ಮೇಲೆ ರಬ್ಬರ್ ತೋಟ ನೋಡಿಕೊಂಡು, ಪಿಕಪ್ ಓಡಿಸಲು ಕಲಿತು, ಅಣ್ಣನ ತಬ್ಬಲಿ ಮಗ ಬಿಜೋಯ್‌ನನ್ನು ಸಾಕಿದ ಹೆಂಗಸಿಗೆ ಬಾಯಿಯೂ ಜೋರಿಲ್ಲದಿದ್ದರೆ ಹೇಗೆ? ಮೊಣಕಾಲು ಕೈಕೊಟ್ಟ ಮೇಲೆ ಸ್ಟಿಯರಿಂಗ್ ಬಿಜೋಯ್‌ಗೆ ಒಪ್ಪಿಸಿದ್ದಳು. ಬರುವ ಕ್ರಿಸ್ಮಸ್ಸಿಗೆ ಗಾಡಿಯನ್ನೇ ಅವನ ಹೆಸರಿಗೆ ಮಾಡಿಸುವವಳಿದ್ದಳು. ಅವನಿಗೆ ಮಾತ್ರ ಹೇಳಿರಲಿಲ್ಲ.

ಅಷ್ಟರಲ್ಲಿ ಪಿಕಪ್ಪಿನ ಬ್ರೇಕ್ ಕಿರುಗುಟ್ಟತೊಡಗಿತು. ಮೀಟರಿನಲ್ಲಿ ಎಬಿಎಸ್ಸಿನ ಹಳದಿ ದೀಪ ಹತ್ತಿದ್ದು ಆರಲೇ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ಕಾಯುವ ಏರ್ಪಾಡೇ ಕೆಟ್ಟಿದೆ ಎಂದರ್ಥ. ಉಪ್ಪಿನಂಗಡಿಯ ಮೆಕ್ಯಾನಿಕ್ ಹಂಝ, ಎಲ್ಲರ ಬಾಯಲ್ಲಿ ಹಂಝಾಕ, ಹಿಂದಿನ ಚಕ್ರದ ಸೆನ್ಸರ್ ಬದಲಿಸಿದ. ಸ್ವಲ್ಪ ದಿನಕ್ಕೇ ದೀಪ ಮತ್ತೆ ಹತ್ತಿತು.

“ಹಂಝಾಕ ಹಳೆ ಪಾರ್ಟ್ ಹಾಕಿರ್ಬೇಕು ಅಮ್ಮಾಯಿ,” ಎಂದು ಬಿಜೋಯ್ ಅತ್ತೆಗೆ ಹೇಳಿದ.

ಅಷ್ಟು ಸಾಕಾಯಿತು. ವತ್ಸಮ್ಮ ಗ್ಯಾರೇಜಿಗೆ ಹೋಗಿ ಗಿರಾಕಿಗಳ ಎದುರಿಗೇ ಹಂಝನನ್ನು ಕಳ್ಳ ಎಂದುಬಿಟ್ಟಳು. ಬಿಜೋಯ್ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ.

ಹಂಝ ಜಗಳಕ್ಕೆ ಬರಲಿಲ್ಲ, ಇನ್ನೊಮ್ಮೆ ಪೂರ್ತಿ ಬಿಚ್ಚಿ ನೋಡುತ್ತೇನೆಂದ. ಮರುವಾರ ಗಾಡಿ ತಂದಾಗ, ಬಿಜೋಯ್ ಚಾ ಕುಡಿಯಲು ಹೋದದ್ದನ್ನು ನೋಡಿಕೊಂಡು ವತ್ಸಮ್ಮನನ್ನು ಹತ್ತಿರ ಕರೆದ. ಬಿಚ್ಚಿಟ್ಟ ಚಕ್ರದ ಒಳಗೆಲ್ಲ ತುಕ್ಕು, ಹೊಸ ಸೆನ್ಸರಿಗೂ.

“ರಬ್ಬರ್ ಶೀಟ್ ಹೇರುವ ಗಾಡಿ ಹೀಗೆ ಆಗುದಿಲ್ಲ ಅಕ್ಕ. ಇದು ಉಪ್ಪುನೀರು. ಮೀನಿನ ಐಸ್ ಕರಗಿ ಇಳಿದದ್ದು.”

ಚಾಸಿಯ ಸಂದಿಯನ್ನು ಕೆರೆದು ಅವಳ ಅಂಗೈಗೆ ಹಾಕಿದ. ಒಣಗಿದ ಮೀನಿನ ಹುರುಪೆ!

“ಮೀನು ಹೇರಿದ್ರೆ ನಾತ ಬರುದಿಲ್ವಾ?”

“ರಬ್ಬರ್ ಶೀಟಿನ ನಾತದ ಎದುರು ಮೀನು ಎಂತ ಮಾರಾಯ್ರೆ!”

ನಿಜ, ಆ ನಾತಕ್ಕೆ ಅವಳ ಮೂಗು ಸತ್ತು ವರ್ಷಗಳಾಗಿದ್ದವು. ಪುತ್ತೂರಿನಲ್ಲಿ ಶೀಟ್ ಇಳಿಸುವುದು ತಡವಾಯಿತು ಎನ್ನುತ್ತಿದ್ದ ಬಿಜೋಯ್ ಮಂಗಳೂರಿನ ದಕ್ಕೆಗೆ, ಮೀನಿನ ದೋಣಿಗಳು ಬರುವಲ್ಲಿಗೆ, ಹೋಗಿ ಯಾರದೋ ಮೀನು ಹೇರಿಕೊಂಡು ಬರುತ್ತಿದ್ದ. ಕೈಯಾರೆ ಉಣಿಸಿ ಬೆಳೆಸಿದವನೇ ಮೋಸ ಮಾಡಿದ್ದ.

ಚಾ ಕುಡಿದು ಬಂದ ಬಿಜೋಯ್ ಅವಳ ಅಂಗೈ ನೋಡಿ ಬಿಳಿಚಿಕೊಂಡ.

“ಕೇಳಿದ್ರೆ ನೀವು ಬಿಡ್ತಿರ್ಲಿಲ್ಲ ಅಮ್ಮಾಯಿ.”

“ಮೀನು ಹಾಳಾಗಿ ಹೋಗ್ಲಿ. ನಾನು ಈ ಮನುಷ್ಯನನ್ನು ಕಳ್ಳ ಅಂದಾಗ ನೀನು ಇಲ್ಲೇ ನಿಂತಿದ್ದೆ.”

ವತ್ಸಮ್ಮ ಹಂಝನ ಕಡೆ ತಿರುಗಿ, ಬೈದಷ್ಟೇ ಜೋರಾಗಿ, ಗ್ಯಾರೇಜಿನಲ್ಲಿದ್ದವರೆಲ್ಲ ಕೇಳುವಂತೆ, “ತಪ್ಪಾಯ್ತು ಹಂಝಾಕ,” ಎಂದಳು.

ತುಕ್ಕು ಹಿಡಿದದ್ದನ್ನೆಲ್ಲ ಬದಲಿಸಿ ಹಂಝ ಚಕ್ರ ಕೂರಿಸಿದ. ವತ್ಸಮ್ಮ ಮೊಣಕಾಲು ಹಿಡಿದುಕೊಂಡೇ ಡ್ರೈವರ್ ಸೀಟಿಗೆ ಹತ್ತಿದಳು. ಕೀ ತಿರುಗಿಸಿದಾಗ ಹಳದಿ ದೀಪ ಹತ್ತಿ, ಆರಿತು. ಬಿಜೋಯ್ ಇನ್ನೊಂದು ಬಾಗಿಲಿಗೆ ಕೈಹಾಕಿದ. ಅವಳು ಒಳಗಿನಿಂದ ಲಾಕ್ ಒತ್ತಿದಳು.

“ಕ್ರಿಸ್ಮಸ್ಸಿಗೆ ಈ ಗಾಡಿಯನ್ನು ನಿನ್ನ ಹೆಸರಿಗೆ ಮಾಡ್ಲಿಕ್ಕಿತ್ತು,” ಎಂದಳು. “ಕಡಬಕ್ಕೆ ಬಸ್ಸು ಉಂಟು. ಹೋಗು.”