ಗುರವ್ವ ಹೇಳಿದ ಊರಿನ ಹೆಸರು

ಸಾಲಹಳ್ಳಿಯ ಗುರವ್ವ ರಾಮದುರ್ಗದ ಬಸ್ಸು ಹತ್ತಿದಳೆಂದರೆ ಕಂಡಕ್ಟರನಿಗೆ ಹಬ್ಬ. ಎಲ್ಲಿಗೆ ಎಂದು ಕೇಳಿದರೆ ರಾಮನೂರಿಗೆ ಅನ್ನುವಳು. ಅಂಥ ಊರೇ ಇಲ್ಲವಲ್ಲ ಎಂದು ಅವನು ಬೇಕಂತಲೇ ಕಾಡುವನು. ಪಾಪ, ಅವಳಾದರೂ ಏನು ಮಾಡಿಯಾಳು? ಗಂಡನ ಹೆಸರು ದುರ್ಗಪ್ಪ. ಹೆಂಡತಿಯಾದವಳು ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಯಾವ ಪುಣ್ಯಾತ್ಮ ಅಳೆದು ನೋಡಿದ್ದನೋ! ಗುರವ್ವ ಮಾತ್ರ ನಂಬಿದ್ದಳು.

ಅಂಥವಳಿಗೆ ಐವತ್ತರ ಹತ್ತಿರ ಶಬ್ದಗಳ ಹುಚ್ಚು ಹಿಡಿಯಿತು. ತೊಂಬತ್ತರ ದಶಕದ ಮೊದಲಲ್ಲಿ ಊರಿಗೆ ಸಾಕ್ಷರತೆಯ ಸಂಜೆ ತರಗತಿ ಬಂತು. ಕಲಿಸಲು ಬರುತ್ತಿದ್ದ ವರದಾ ಪುರಾಣಿಕರ ಮನೆತನದ ಹುಡುಗಿ. ಅಕ್ಷರದ ಜೊತೆಗೆ ಶಬ್ದದ ಬೇರನ್ನೂ ಅಗೆದು ತೋರಿಸುವಳು. ರುಮಾಲು ಎಂದರೆ ಪಾರಸಿಯಲ್ಲಿ ಮುಖ ಒರೆಸುವ ಬಟ್ಟೆ ಎಂದು ತಿಳಿದ ದಿನ, ಅದನ್ನೇ ತಲೆಗೆ ಸುತ್ತಿಕೊಂಡು ಮೆರೆಯುವ ಗಂಡಸರನ್ನು ನೆನೆದು ಗುರವ್ವ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಲೂಗಡ್ಡೆಯ ಬಟಾಟಿ ಎಂಬ ಹೆಸರು ಪೋರ್ತುಗೀಜರ ಹಡಗಿನಲ್ಲಿ ಬಂದದ್ದೆಂದು ಕೇಳಿ, ಹೆಚ್ಚುವ ಮೊದಲು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಡಿಗೆ ತಡವಾಯಿತು, ದುರ್ಗಪ್ಪ ಗೊಣಗಿದ.

ಮುಂದೆ ರಾಮದುರ್ಗದಲ್ಲಿ ತಾಲೂಕಿನ ಕಲಿಯುವವರ ಸಮಾವೇಶ ನಿಗದಿಯಾಯಿತು. ಆ ಊರ ಹೆಸರಿನ ಅರ್ಥ ಹೇಳುವ ಕೆಲಸ ಗುರವ್ವನದೇ ಎಂದಳು ವರದಾ. ದುರ್ಗವೆಂದರೆ ಹೋಗಿ ಮುಟ್ಟಲು ಕಷ್ಟವಾದ ಜಾಗ, ಅದಕ್ಕೇ ಕೋಟೆಗೂ ಆ ಹೆಸರು. ಇಷ್ಟು ಚಂದದ ಅರ್ಥ! ಹೇಳದೆ ಇರಲಾರಳು, ಹೇಳಲೂ ಬಾಯಿ ಬಾರದು. ಗಂಡನನ್ನು ಕೇಳಿದರೆ, "ನನ್ನ ಹೆಸರು ಮಂದ್ಯಾಗ ಒಗೀಬ್ಯಾಡ" ಎಂದುಬಿಟ್ಟ. ಹಾಗಾದರೆ ಬೇರೆಯವರು ಹೇಳಲಿ ಎಂದು ವರದಾ ಅಂದರೂ ಗುರವ್ವ ಬಿಟ್ಟುಕೊಡಲಿಲ್ಲ. ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಏನೋ ಗುನುಗತೊಡಗಿದಳು.

ಸಮಾವೇಶದ ದಿನ ವೇದಿಕೆ ಹತ್ತಿ "ರಾಮ" ಎಂದಳು, ನಿಂತಳು. ಮುಂದೆ ಕೂತ ಸಾಲಹಳ್ಳಿಯ ಹೆಂಗಸರು ಕಾರಣ ಹೊಳೆದು ಕಿಸಕ್ಕನೆ ನಕ್ಕರು. ಹಿಂದೆ ಕಂಬಕ್ಕೆ ಒರಗಿದ್ದ ದುರ್ಗಪ್ಪ ನೆಲ ನೋಡಿದ. ಮದುವೆ, ಬಸುರಿಯ ಕುಬಸಗಳಲ್ಲಿ ಒಡಪು ಎಂಬ ಪ್ರಾಸದ ಸಾಲು ಕಟ್ಟಿ ಗಂಡನ ಹೆಸರು ಹೇಳಿದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಆಯುಷ್ಯಕ್ಕೂ ಧಕ್ಕೆಯಿಲ್ಲ. ಗುರವ್ವ ಸೆರಗು ಸರಿಮಾಡಿಕೊಂಡು ಒಡಪು ಹೇಳಿಯೇಬಿಟ್ಟಳು:

"ಮುಟ್ಟಾಕ ಕಷ್ಟದ ಜಾಗಕ್ಕ ಅಂತಾರ ದುರ್ಗ,
ದುರ್ಗಪ್ಪ ಇರೋ ಸಾಲಹಳ್ಳಿನ ನನಗ ಸ್ವರ್ಗ."

ಚಪ್ಪಾಳೆಗೆ ಪೆಂಡಾಲು ಹಾರಿಹೋಗುವುದೊಂದು ಬಾಕಿ. ದುರ್ಗಪ್ಪ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಮದುವೆಯ ದಿನ, ಆಮೇಲೆ ಇವತ್ತೇ. ಮುಖವೆಲ್ಲ ಕೆಂಪಾಗಿತ್ತು. ಗದ್ದಲ ನಿಂತ ಮೇಲೆ ಕಂಬದ ಕಡೆಯಿಂದ ಅವನ ದನಿ ಬಂತು:

"ನನಗ ಸರಿ ಕೇಳಸಲಿಲ್ಲ. ಇನ್ನೊಮ್ಮಿ ಹೇಳು."