ಅಕ್ಕೋರ ಜೂನ್ ತಿಂಗಳು

ಅಕ್ಕೋರ ಬಲಗೈ ತೋರುಬೆರಳಿನ ತುದಿ ಸದಾ ಒಡೆದಿರುತ್ತಿತ್ತು. ಸೀಮೆಸುಣ್ಣ ಹಿಡಿದು ಹಿಡಿದು ಚರ್ಮ ಸೀಳಿ, ಯಾವ ಮುಲಾಮಿಗೂ ಬಗ್ಗದೆ, ಕೊನೆಗೆ ಅದರ ಸುತ್ತ ಕೊಬ್ಬರಿ ಎಣ್ಣೆ ಅದ್ದಿದ ಬಿಳಿ ಬಟ್ಟೆಯ ಚೂರು ಸುತ್ತಿ ದಾರ ಕಟ್ಟಿರುತ್ತಿದ್ದರು. ಅದೊಂದೇ ಬೆರಳಿನಿಂದ ಅವರು ಕಂಪ್ಯೂಟರಿನ ರಬ್ಬರ್ ಗುಂಡಿಗಳನ್ನು ಒತ್ತುತ್ತಿದ್ದರು. ಎಡಗೈಗೆ ಕೆಲಸವಿರಲಿಲ್ಲ, ಅದು ಮಡಿಲಲ್ಲಿ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿತ್ತು.

ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಖಾನಾಪುರದ ಆ ಪ್ರೌಢಶಾಲೆಯಲ್ಲಿ ನಾವು ನಾಲ್ಕಾರು ಜನ ಅಕ್ಕೋರಿದ್ದೆವು. ಆದರೆ ಬರೀ ಅಕ್ಕೋರು ಎಂದರೆ ಗಣಿತದ ಅಕ್ಕೋರೇ. ನಾನು ವಿಜ್ಞಾನ ಕಲಿಸಲು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ಅಕ್ಕ ಇಬ್ಬರೇ. ಅಕ್ಕನ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಹಾಲಿನವನ ಜೊತೆ ಮರಾಠಿ. ಲೆಕ್ಕ ತಪ್ಪಿದಾಗ ತಮ್ಮನ್ನು ತಾವೇ ಮೂರೂ ಭಾಷೆಯಲ್ಲಿ ಬೈದುಕೊಳ್ಳುತ್ತಿದ್ದರು.

ನಾನು ಬೆಳಗಾವಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುವವಳು. ರೈಲು ತಡವಾಯಿತೆಂದರೆ ಮೊದಲ ತಾಸು ಹಾಳು. ಇದು ಗೊತ್ತಿದ್ದೂ ಹೆಡ್‌ಮಾಸ್ತರರು ಪ್ರತಿ ವರ್ಷ ನನಗೆ ಮೊದಲ ತಾಸನ್ನೇ ಹಾಕುತ್ತಿದ್ದರು. ಜೂನ್ ಬಂತೆಂದರೆ ಅವರು ಆಫೀಸಿನ ನೆಲಕ್ಕೆ ಜಮಖಾನೆ ಹಾಸಿ, ಗಾಳಿಗೆ ಹಾರದಂತೆ ಕಿಟಕಿ ಮುಚ್ಚಿ, ನಮ್ಮೆಲ್ಲರ ಹೆಸರಿನ ಚೀಟಿಗಳನ್ನು ಹರಡಿಕೊಂಡು ಶಾಲೆಯ ವೇಳಾಪತ್ರಿಕೆ ಜೋಡಿಸಲು ಕೂರುತ್ತಿದ್ದರು. ಒಂದೇ ಕಟ್ಟಡದಲ್ಲಿ ಕನ್ನಡ ವಿಭಾಗ, ಮರಾಠಿ ವಿಭಾಗ. ಚಿತ್ರಕಲೆಗೆ ಎರಡಕ್ಕೂ ಒಬ್ಬರೇ ಮಾಸ್ತರರು, ಆಟಕ್ಕೂ ಒಬ್ಬರೇ. ಜೋಡಿಸುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಅವರ ಜೊತೆ ಚಹಾ ಕುಡಿಯುವವರ ಚೀಟಿಗಳು ತಂಪು ಹೊತ್ತಿನಲ್ಲಿ ಕೂರುತ್ತಿದ್ದವು, ಎದುರು ಮಾತಾಡುವವರ ಚೀಟಿಗಳು ಊಟದ ನಂತರ ಮಕ್ಕಳು ತೂಕಡಿಸುವ ತಾಸಿಗೆ ಹೋಗಿ ಬೀಳುತ್ತಿದ್ದವು. ಅಕ್ಕೋರು ನೌಕರಿಯುದ್ದಕ್ಕೂ ಆ ತೂಕಡಿಕೆಯ ತಾಸಿನಲ್ಲಿ ಬೀಜಗಣಿತ ಕಲಿಸಿದವರು.

ಎಂಬತ್ತರ ದಶಕದ ನಡುವೆ ಗಲ್ಫ್‌ನಲ್ಲಿದ್ದ ಅವರ ತಮ್ಮ ರಜೆಗೆ ಬಂದಾಗ ಆ ಸಣ್ಣ ಕಂಪ್ಯೂಟರನ್ನೂ ಒಂದು ಟಿವಿಯನ್ನೂ ತಂದ. ತನ್ನ ಮಕ್ಕಳ ಆಟಕ್ಕೆಂದು ಕೊಂಡದ್ದು. ಮಕ್ಕಳಿಗೆ ಅದು ಸಾಕಾಗಿತ್ತು, ಹೋಗುವಾಗ ಇಲ್ಲೇ ಬಿಟ್ಟು ಹೋದ. ಅಕ್ಕೋರು ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಪಠ್ಯಪುಸ್ತಕದ ಹಾಗೆ ಮೊದಲ ಪುಟದಿಂದ ಓದಿ, ಇದ್ದ ಅಭ್ಯಾಸಗಳನ್ನೆಲ್ಲ ಮಾಡಿ ಮುಗಿಸಿದರು. ಆಮೇಲೊಂದು ದಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಶಾಲೆಯ ವೇಳಾಪತ್ರಿಕೆಯನ್ನು ಈ ಯಂತ್ರವೇ ಜೋಡಿಸುವಂಥ ಪ್ರೋಗ್ರಾಂ ಬರೆಯುತ್ತೇನೆ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ಯಂತ್ರಕ್ಕ ಯಾರ ಮಾರಿನೂ ಗುರ್ತ ಹತ್ತೂದಿಲ್ಲ ತಂಗಿ. ನನಗ ಅಷ್ಟ ಸಾಕು," ಎಂದರು.

ಬರುವ ಜೂನಿಗೆ ಆಗಬೇಕು ಎಂಬುದು ಅವರೇ ಹಾಕಿಕೊಂಡ ಗಡುವು. ಶನಿವಾರ ಶಾಲೆ ಬೆಳಿಗ್ಗೆಯೇ ಬಿಡುತ್ತಿತ್ತು. ನಾನು ಮಧ್ಯಾಹ್ನದ ರೈಲು ಬಿಟ್ಟು ಅವರ ಮನೆಗೆ ಹೋಗಿ ಕೂರುವುದು ರೂಢಿಯಾಯಿತು. ಅಕ್ಕೋರ ಅಕ್ಕ ತಂದಿಟ್ಟ ಚಹಾ ಆರಿ ಕೆನೆಗಟ್ಟುತ್ತಿತ್ತು. ಇವರು ಪರದೆ ನೋಡುತ್ತ ಒಂದು ಸಾಲು ಒತ್ತಿ, ಎರಡು ಸಾಲು ಅಳಿಸಿ, ಮರಾಠಿಯಲ್ಲಿ ಏನೋ ಅಂದುಕೊಳ್ಳುತ್ತಿದ್ದರು. ಕೆಲಸ ಎಷ್ಟು ದೊಡ್ಡದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗಂತೂ ಸುಳಿವೇ ಇರಲಿಲ್ಲ. ಒಬ್ಬ ಮಾಸ್ತರರನ್ನು ಒಂದು ತಾಸಿನಿಂದ ಎತ್ತಿ ಇನ್ನೊಂದಕ್ಕೆ ಇಟ್ಟರೆ ಅಲ್ಲಿದ್ದವರು ಏಳಬೇಕು, ಎದ್ದವರು ಹೋಗಿ ಮತ್ತೊಬ್ಬರನ್ನು ಎಬ್ಬಿಸಬೇಕು, ಹೀಗೆ ಇಡೀ ಶಾಲೆಯೇ ಎದ್ದು ನಿಲ್ಲುತ್ತಿತ್ತು.

ಆ ಯಂತ್ರ ಬರೆದದ್ದನ್ನು ತನ್ನೊಳಗೆ ಉಳಿಸಿಕೊಳ್ಳುತ್ತಿರಲಿಲ್ಲ. ಹಾಡು ಕೇಳುವ ಟೇಪ್ ರೆಕಾರ್ಡರಿಗೆ ತಂತಿ ಹಚ್ಚಿ, ಮಾಮೂಲಿ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮನ್ನು ಕಿರ್ರೆನ್ನುವ ಸದ್ದಾಗಿ ತುಂಬಿಡಬೇಕು. ಮರುದಿನ ಅದೇ ಸದ್ದನ್ನು ಯಂತ್ರಕ್ಕೆ ಕೇಳಿಸಿದರೆ ಬರೆದದ್ದು ವಾಪಸು ಬರುತ್ತಿತ್ತು. ಯಾವ ದಿನದ್ದು ಟೇಪಿನಲ್ಲಿ ಎಲ್ಲಿದೆ ಎಂದು ಹುಡುಕಲು ಅನುಕೂಲವಾಗಲೆಂದು ಅಕ್ಕೋರು ಪ್ರತಿಸಲ ಆ ಸದ್ದಿಗೆ ಮೊದಲು ತಮ್ಮ ದನಿಯಲ್ಲಿ ನಾಲ್ಕು ಮಾತು ತುಂಬುತ್ತಿದ್ದರು. ಬರೀ ತಾರೀಖು ಹೇಳಿದ್ದರೆ ಸಾಕಿತ್ತು. ಇವರು ಅಷ್ಟಕ್ಕೆ ಬಿಡುವವರಲ್ಲ. ರೆಕಾರ್ಡರಿನ ಹತ್ತಿರ ಬಾಗಿ, ಪಕ್ಕದ ಮನೆಯವಳಿಗೆ ಹೇಳುವಂತೆ ಹೇಳುತ್ತಿದ್ದರು: "ನಾಳೆ ಕುಂದರಾಕಿ, ಕೇಳವಾ. ಎಂಟನೇ ಕ್ಲಾಸಿನ ಚಿತ್ರಕಲಾ ಇನ್ನೂ ಕುಂದ್ರವಲ್ಲದು. ಮೊದಲ ಅದನ್ನ ಹಿಡಿ. ಬ್ಯಾರೇದಕ್ಕ ಕೈ ಹಾಕಬ್ಯಾಡ."

ನಾಳೆ ಕೂರುವವಳು ಎಂದರೆ ಅವರೇ. ಆದರೆ ಇವತ್ತು ದಣಿದವಳು ಬೇರೆ, ನಾಳೆ ಬರುವವಳು ಬೇರೆ ಎಂಬುದು ಅವರ ಲೆಕ್ಕ.

ನನ್ನ ಬದುಕು ಆಗ ಅರ್ಧ ಕೆಲಸಗಳ ಗುಡ್ಡೆ. ಅರ್ಧ ಹೆಣೆದ ಸ್ವೆಟರು, ಅರ್ಧ ಕಲಿತ ಹೊಲಿಗೆ, ಅಂಚೆಯ ಮೂಲಕ ಸೇರಿ ಅರ್ಧಕ್ಕೆ ಬಿಟ್ಟ ಎಂ.ಎಸ್ಸಿ. ನನ್ನ ಕೈಯಲ್ಲಿ ಯಾವುದೂ ಮುಗಿಯುವುದಿಲ್ಲ ಎಂದು ಒಂದು ಶನಿವಾರ ಅವರೆದುರು ಅತ್ತೇಬಿಟ್ಟೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಮುಗಸೂದು ನಿನ್ನ ಕೆಲಸ ಅಲ್ಲ ತಂಗಿ. ನಾಳೆ ಕುಂದರಾಕಿಗೆ ದಾರಿ ಹೇಳಿ ಏಳೂದು, ಅಷ್ಟ ನಿನ್ನ ಕೆಲಸ. ಮುಗಸೂದು ಆಕಿ ನೋಡ್ಕೋತಾಳ."

ಆ ಮಾತು ಹಿಡಿದುಕೊಂಡು ನಾನು ಎಂ.ಎಸ್ಸಿ. ಮುಗಿಸಿದೆ. ಸ್ವೆಟರನ್ನೂ ಮುಗಿಸಿದೆ, ಅದು ಯಾರಿಗೂ ಹಿಡಿಸಲಿಲ್ಲ, ಆ ಮಾತು ಬೇರೆ. ಅಕ್ಕೋರದು ಮಾತ್ರ ಮೊದಲ ಜೂನಿಗೆ ಆಗಲಿಲ್ಲ. ಅವರು ಬೇಸರಪಟ್ಟುಕೊಳ್ಳದೆ ಬರುವ ಜೂನಿಗೆ ಎಂದರು.

ಮರುವರ್ಷ ಮೇ ತಿಂಗಳ ಸುಡುಬಿಸಿಲಿನ ಒಂದು ಮಧ್ಯಾಹ್ನ ಅದು ಕೂತಿತು. ಯಂತ್ರ ಬಹಳ ಹೊತ್ತು ಯೋಚಿಸಿ, ಇಡೀ ಶಾಲೆಯನ್ನು ಒಂದೊಂದೇ ವರ್ಗವಾಗಿ ಪರದೆಯ ಮೇಲೆ ಇಳಿಸಿತು. ಚಿತ್ರಕಲೆಯ ಮಾಸ್ತರರು ಎಲ್ಲೂ ಎರಡು ಕಡೆ ಇರಲಿಲ್ಲ. ನನ್ನ ಮೊದಲ ತಾಸು ವಾರವಿಡೀ ಖಾಲಿ. ಅಕ್ಕೋರಿಗೆ ತಮ್ಮ ಹೆಸರು ಬೆಳಗಿನ ಎರಡನೆಯ ತಾಸಿನಲ್ಲಿ ಕಂಡಾಗ ನಂಬಿಕೆಯೇ ಬರಲಿಲ್ಲ, ಬಟ್ಟೆ ಸುತ್ತಿದ ಆ ಬೆರಳನ್ನು ಪರದೆಗೆ ಮುಟ್ಟಿಸಿ ನೋಡಿದರು. ನಾವು ಎಲ್ಲವನ್ನೂ ಹಾಳೆಗೆ ಇಳಿಸಿಕೊಂಡೆವು. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಇಬ್ಬರು ಮಾಸ್ತರರಿಗೆ ವರ್ಗಾವಣೆಯಾಗಿ ಹೊಸಬರು ಬಂದರು. ಹಾಳೆ ಕೆಲಸಕ್ಕೆ ಬಾರದ್ದಾಯಿತು. ಹೆಡ್‌ಮಾಸ್ತರರು ಹಾಳೆಯನ್ನು ತಿರುವಿ ನೋಡಿ, ಹೊಸಬರನ್ನು ಸೇರಿಸಿ ನಿಮ್ಮ ಯಂತ್ರ ಮತ್ತೆ ಮಾಡುತ್ತದೆಯೇ ಎಂದು ಕೇಳಿದರು. ಅಕ್ಕೋರಿಗೆ ಬೇಕಾದದ್ದೇ ಆ ಪ್ರಶ್ನೆ. ಹೆಸರು ಬದಲಿಸಿದರೆ ಸಾಕು, ನಿಮ್ಮ ಕಣ್ಣೆದುರೇ ಮಾಡುತ್ತದೆ, ಬನ್ನಿ ಎಂದರು. ಸಂಜೆ ಧೋ ಎಂದು ಸುರಿಯುವ ಮಳೆಯಲ್ಲಿ ಹೆಡ್‌ಮಾಸ್ತರರು ಕೊಡೆ ಹಿಡಿದು ನಿಜಕ್ಕೂ ಬಂದರು.

ಅಕ್ಕೋರು ಸ್ಟೆಬಿಲೈಜರಿನ ಮೇಲಿದ್ದ ಡಬ್ಬಿಯಿಂದ ಕ್ಯಾಸೆಟ್ಟು ತೆಗೆದು ಹಾಕಿದರು. ಖಾನಾಪುರದ ಕರೆಂಟು ಏರಿಳಿಯುತ್ತಿದ್ದುದರಿಂದ ಟಿವಿ ಇದ್ದ ಮನೆಯಲ್ಲೆಲ್ಲ ಸ್ಟೆಬಿಲೈಜರ್ ಇರುತ್ತಿತ್ತು. ಆ ಕಬ್ಬಿಣದ ಪೆಟ್ಟಿಗೆ ಯಾವಾಗಲೂ ಬೆಚ್ಚಗೆ. ಉಪ್ಪು ನೀರಾಗುವ, ಕಡ್ಡಿಪೆಟ್ಟಿಗೆ ಹತ್ತದ ಆ ಮಳೆಯೂರಿನಲ್ಲಿ ಒದ್ದೆಯಾಗಬಾರದ್ದನ್ನೆಲ್ಲ ಜನ ಅದರ ಮೇಲಿಡುತ್ತಿದ್ದರು. ಉಪ್ಪಿನ ಭರಣಿ, ಹಪ್ಪಳ, ಕಡ್ಡಿಪೆಟ್ಟಿಗೆ. ಹೋದ ಮಳೆಗಾಲದಲ್ಲಿ ಒಂದು ಕ್ಯಾಸೆಟ್ಟಿಗೆ ಬೂಸು ಹಿಡಿದಿದ್ದರಿಂದ, ಈ ವರ್ಷ ಮುಂಗಾರಿನ ಮೊದಲ ಮೋಡ ಕಂಡ ಕೂಡಲೇ ಅಕ್ಕೋರು ತಮ್ಮ ಎಲ್ಲ ಕ್ಯಾಸೆಟ್ಟುಗಳನ್ನೂ ಜೋಪಾನವಾಗಿ ಅಲ್ಲಿಗೇ ಸಾಗಿಸಿದ್ದರು. ಆಗಿನಿಂದ ಅವು ಅಲ್ಲೇ ಇದ್ದವು.

ಮೊದಲು ಅವರ ದನಿ ಬಂತು. ದನಿಯ ಹಿಂದೆ ಜೇನುಹುಳದಂಥ ಗುಂಯ್ ಶಬ್ದ. ಆಮೇಲೆ ಪ್ರೋಗ್ರಾಮಿನ ಕಿರುಚಾಟ. ಯಂತ್ರ ಟೇಪು ಓದಲಾಗುತ್ತಿಲ್ಲ ಎಂದು ಬರೆಯಿತು. ಅಕ್ಕೋರು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದರು. ಸದ್ದು ಹೆಚ್ಚಿಸಿದರು, ಇಳಿಸಿದರು. ಬೇರೆ ಕ್ಯಾಸೆಟ್ಟು, ಅದಕ್ಕೂ ಹಿಂದಿನದು. ಎಲ್ಲದರಲ್ಲೂ ಅವರ ದನಿ ಇತ್ತು, ಪ್ರೋಗ್ರಾಂ ಯಾವುದರಿಂದಲೂ ಬರಲಿಲ್ಲ. ಹೆಡ್‌ಮಾಸ್ತರರು ಚಹಾ ಮುಗಿಸಿ, ಬಹಳ ಹೊತ್ತು ಕಾದು, ಮೆಲ್ಲಗೆ ಎದ್ದರು.

"ಇರ್ಲಿ ಬಿಡ್ರಿ ಅಕ್ಕೋರ. ಚೀಟಿ ಅದಾವಲ್ಲ," ಎಂದರು.

ಅವರು ಕುಹಕವಾಡಲಿಲ್ಲ, ಸಮಾಧಾನಕ್ಕೇ ಹೇಳಿದರು. ಕುಹಕವಾಡಿದ್ದರೆ ಚೆನ್ನಾಗಿತ್ತು, ನಾನಾದರೂ ಜಗಳ ತೆಗೆಯುತ್ತಿದ್ದೆ.

ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ನನ್ನ ಅಣ್ಣನನ್ನು ಮುಂದಿನ ಭಾನುವಾರ ಕರೆದುಕೊಂಡು ಹೋದೆ. ಅವನು ಬಾಗಿಲಲ್ಲೇ ನಿಂತು ಸ್ಟೆಬಿಲೈಜರಿನ ಮೇಲಿನ ಡಬ್ಬಿ ನೋಡಿ ಹಣೆ ಒತ್ತಿಕೊಂಡ. ಅದರೊಳಗೆ ದೊಡ್ಡ ತಂತಿಸುರುಳಿ ಇರುತ್ತದೆ, ಅದು ಅಯಸ್ಕಾಂತದ ಹಾಗೆ ಕೆಲಸ ಮಾಡಿ ಟೇಪಿನ ಮೇಲಿದ್ದದ್ದನ್ನು ದಿನದಿನವೂ ಸವೆಸಿದೆ, ಮನುಷ್ಯರ ಕಿವಿ ಕೆಟ್ಟ ದನಿಯನ್ನೂ ಗುರುತು ಹಿಡಿಯುತ್ತದೆ, ಯಂತ್ರಕ್ಕೆ ಒಂದು ಚುಕ್ಕೆ ತಪ್ಪಿದರೂ ನಡೆಯುವುದಿಲ್ಲ ಎಂದ. ಅಕ್ಕೋರು ಎದ್ದು ಡಬ್ಬಿಯನ್ನು ಸ್ಟೆಬಿಲೈಜರಿನಿಂದ ಕೆಳಗಿಳಿಸಿದರು. ಆಮೇಲೆ ಒಂದೇ ಮಾತು ಕೇಳಿದರು.

"ಹಪ್ಪಳಕ್ಕ ಏನೂ ಆಗೂದಿಲ್ಲಲ್ಲ?"

ನಾನು ನಗಲು ಹೋದೆ. ಅವರ ಮುಖ ನೋಡಿ ನಗು ಅಲ್ಲೇ ನಿಂತಿತು.

ಮತ್ತೆ ಶುರು ಮಾಡಿದರು. ಒಮ್ಮೆ ಬರೆದವರಿಗೆ ಎರಡನೆಯ ಸಲ ಸುಲಭ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ ತಮ್ಮದೇ ದನಿ ಕೇಳುತ್ತ, ಯಾವ ದಿನ ಏನು ಮಾಡಿದ್ದೆ ಎಂದು ಹುಡುಕಿ ಹುಡುಕಿ ಬರೆಯುತ್ತಿದ್ದರು. ಮೊದಲ ಸಲ ಕಾಣದ ಬೆಟ್ಟ ಈಗ ಪೂರಾ ಕಾಣುತ್ತಿತ್ತು. ಒಂದು ಜೂನ್ ಹೋಯಿತು. ಮುಂದಿನ ಜೂನಿಗೆ ಮೊದಲೇ ಅವರು ನಿವೃತ್ತರಾದರು. ಹಾರ ಹಾಕಿ ಕಳಿಸಿದೆವು. ಹೆಡ್‌ಮಾಸ್ತರರೂ ಬದಲಾದರು, ಹೊಸಬರು ಅದೇ ಜಮಖಾನೆ ಹಾಸಿ ಚೀಟಿ ಹರಡಿದರು. ಈಗ ಶಾಲೆಯ ವೇಳಾಪತ್ರಿಕೆಯಲ್ಲಿ ಅಕ್ಕೋರ ಹೆಸರೇ ಇರಲಿಲ್ಲ.

ಆದರೂ ಅವರು ಬಿಡಲಿಲ್ಲ. ಬಿಡಲಿಲ್ಲ ಎಂದು ಹೊಗಳಿಕೆಯಾಗಿ ಹೇಳುತ್ತಿಲ್ಲ. ಶನಿವಾರ ಹೋದರೆ ಟಿವಿ ಹಚ್ಚಿರುತ್ತಿತ್ತು, ಪರದೆ ಖಾಲಿ ಇರುತ್ತಿತ್ತು, ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಸೀಮೆಸುಣ್ಣ ಹಿಡಿಯುವುದು ತಪ್ಪಿ ಬೆರಳು ಮಾಯ್ದಿತ್ತು. ಆ ನುಣುಪಾದ ಬೆರಳು ನೋಡಿ ನನಗೆ ಯಾಕೋ ಹೆದರಿಕೆಯಾಗುತ್ತಿತ್ತು. ಸಾಕು ಮಾಡ್ರಿ ಅಕ್ಕೋರ, ಶಾಲೆಯವರು ಕೇಳುತ್ತಲೂ ಇಲ್ಲ ಎಂದು ಒಮ್ಮೆ ಬೇಡಿಕೊಂಡೆ.

"ಖರೇ ಹೇಳ್ಲೇನು? ಸಾಲಿ ಸಲುವಾಗಿ ಮಾಡೂದು ಬಿಟ್ಟ ಭಾಳ ದಿನ ಆತು," ಎಂದರು. "ಮುಂಜಾನೆ ಎದ್ದು ಕುಂದ್ರತೇನಿ. ಕೈ ಏಳೂದಿಲ್ಲ. ನಿನ್ನೆ ಕುಂತಾಕಿ ಹೇಳಿದ್ದು ಕೇಳಸ್ತೈತಿ, ಮಾಡಾಕ ಮನಸ ಇಲ್ಲ. ಆಕಿ ಮುಂದ ನಾಚಿಕಿ ಬರ್ತದ."

ನಾನು ಚಹಾ ಕುಡಿದು ಸಂಜೆಯ ರೈಲಿಗೆ ಹೊರಟೆ.

ದಶಕ ಮುಗಿಯುವ ಮೊದಲು, ಮಳೆಗಾಲದಲ್ಲೇ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಅವರು ಹೃದಯದ ತೊಂದರೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಾನು ದಿನಾ ಹೋಗುತ್ತಿದ್ದೆ. ಪ್ರೋಗ್ರಾಮಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಣ್ಣು ಮಾಡಲು ಖಾನಾಪುರಕ್ಕೇ ಒಯ್ದರು. ತಿಂಗಳ ಮೇಲೆ ಅವರ ಅಕ್ಕ ನನಗೆ ಹೇಳಿಕಳಿಸಿ ಕಂಪ್ಯೂಟರನ್ನೂ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದ ಕ್ಯಾಸೆಟ್ಟುಗಳನ್ನೂ ಕೊಟ್ಟರು. ಈ ಸಲ ಅಕ್ಕೋರು ಸ್ಟೆಬಿಲೈಜರಿನ ಹತ್ತಿರವೂ ಸುಳಿದಿರಲಿಲ್ಲ.

ಮನೆಗೆ ತಂದು ಟಿವಿಗೆ ಹಚ್ಚಿದೆ. ಎರಡನೆಯ ಸಲ ಬರೆದ ಪ್ರೋಗ್ರಾಂ ಸಲೀಸಾಗಿ ಬಂತು. ಅರ್ಧ ಶಾಲೆ ಕೂರುತ್ತಿತ್ತು, ಅರ್ಧ ನಿಂತೇ ಇತ್ತು. ಮುಂದೆ ಏನಿದೆ ನೋಡೋಣ ಎಂದು ಕೊನೆಯ ಕ್ಯಾಸೆಟ್ಟು ಓಡಿಸಿದೆ. ಅವರ ದನಿ ಬಂತು, ಕಿರುಚುವ ಸದ್ದು ಬರಲಿಲ್ಲ. ಮತ್ತೆ ದನಿ, ಮತ್ತೆ ಏನೂ ಇಲ್ಲ. ಉಳಿಸಲು ಏನೂ ಇಲ್ಲದ ದಿನಗಳಲ್ಲೂ ಅವರು ರೆಕಾರ್ಡರು ಹಚ್ಚಿ ಮಾತಾಡಿದ್ದರು. ಇವತ್ತ ಆಗಲಿಲ್ಲ. ಇವತ್ತೂ ಆಗಲಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ದನಿಗಿಂತ ಜೋರಾಗಿತ್ತು. ಕಟ್ಟಕಡೆಗೆ ಇದಿತ್ತು:

"ನಾಳೆ ಕುಂದರಾಕಿ, ಕೇಳವಾ. ಬ್ಯಾಸರಾದ್ರ ನೀ ಕುಂದರಬ್ಯಾಡ. ನಾ ಏನೂ ಅನ್ನೂದಿಲ್ಲ."

ಅಷ್ಟೆ. ಆಮೇಲೆ ಬರೀ ಮಳೆ, ಟೇಪು ಮುಗಿಯುವ ತನಕ.

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ದಾರಿ ಹೇಳಿ ಏಳು ಎಂದು ನನಗೆ ಕಲಿಸಿದವರು ತಾವೇ ದಾರಿ ಹೇಳದೆ ಎದ್ದು ಹೋದರಲ್ಲ ಎಂದು. ನನ್ನ ಓದು, ಕೆಲಸ, ಮುಗಿದಷ್ಟು ಎಲ್ಲ ಮುಗಿದದ್ದು ಅವರ ಆ ಒಂದು ಮಾತಿನಿಂದ. ಆ ಋಣ ತೀರಿಸಲು ನನಗೆ ತಿಳಿದಿದ್ದದ್ದು ಒಂದೇ ದಾರಿ. ಅವರ ಆ ಇಂಗ್ಲಿಷ್ ಪುಸ್ತಕ ಹಿಡಿದು ಎಷ್ಟೋ ಜೂನ್ ತಿಂಗಳು ಆ ಯಂತ್ರದ ಮುಂದೆ ಕೂತೆ. ನಿಂತ ಅರ್ಧ ಶಾಲೆಯನ್ನು ಕೂರಿಸಲು ನನ್ನಿಂದಲೂ ಆಗಲಿಲ್ಲ. ಆಮೇಲೆ ಯಂತ್ರವೇ ಕೆಟ್ಟಿತು.

ಕುಂದರಬ್ಯಾಡ ಎಂಬ ಅವರ ಅಪ್ಪಣೆ ನನ್ನ ಹತ್ತಿರ ಇದೆ. ಕೆಲಸ ಬಿಟ್ಟು ಏಳಬೇಕೆಂದಾಗಲೆಲ್ಲ ಅದನ್ನು ಬಳಸಬಹುದು. ಇವತ್ತಿನವರೆಗೆ ಬಳಸಲು ಧೈರ್ಯ ಬಂದಿಲ್ಲ. ಮಾಡಬೇಕಾದದ್ದು ಅರ್ಧಕ್ಕೆ ನಿಂತಾಗ ದೀಪ ಆರಿಸುವ ಮೊದಲು ನಾಳೆ ಎಲ್ಲಿಂದ ಹಿಡಿಯಬೇಕು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ.